ಮಗಳಿಗೊಂದು ಪತ್ರ: ಕಣಜಕ್ಕೆ ಮೊದಲ ಎಡೆ

ಪಾಟನ್, ನೇಪಾಳ

ಪುಟ್ಟೀ,

‘ಅಮ್ಮಾ, ಯೋಮರಿ ಪುನ್ಹಿ ಬೌದ್ಧರ ಹಬ್ಬಾನಾ, ಹಿಂದೂಗಳದ್ದಾ?’ ಅಂತ ಫೋನಲ್ಲಿ ಕೇಳಿದೆಯಲ್ಲ, ಒಂದು ಮಾತಿನಲ್ಲಿ ಮುಗಿಯುವಂಥದ್ದಲ್ಲ ಅಂತ ಬರೆಯೋಕೆ ಕೂತೆ.

ಇದು ಇಲ್ಲಿನ ಮೂಲನಿವಾಸಿಗಳಾದ ನೇವಾರರ ಸುಗ್ಗಿಹಬ್ಬ. ನಮ್ಮಲ್ಲಿ ದತ್ತ ಜಯಂತಿ ಬರುತ್ತಲ್ಲ, ಅದೇ ಮಾರ್ಗಶಿರದ ಹುಣ್ಣಿಮೆ. ಕಾಠ್ಮಂಡು ಕಣಿವೆಯ ಭತ್ತ ಅಷ್ಟು ಹೊತ್ತಿಗೆ ಒಣಗಿ ಮನೆ ಸೇರಿರುತ್ತೆ. ಹೊಸ ಅಕ್ಕಿಯ ಹಿಟ್ಟನ್ನು ಬಿಸಿನೀರಲ್ಲಿ ನಾದಿ, ಬೆರಳಿಗೆ ಎಣ್ಣೆ ಸವರಿಕೊಂಡು ಪೊಳ್ಳಾಗಿ ತಿದ್ದಿ, ಒಳಗೆ ಚಾಕು ಮತ್ತು ಹುರಿದ ಎಳ್ಳು ತುಂಬಿ ಹಬೆಯಲ್ಲಿ ಬೇಯಿಸುತ್ತಾರೆ. ಚಾಕು ಅಂದರೆ ಕಬ್ಬಿನ ಹಾಲಿನ ಗಟ್ಟಿ ಪಾಕ. ಟೋಖಾ ಊರಿನದ್ದಕ್ಕೆ ಹೆಸರು ಜಾಸ್ತಿ. ಇದೇ ಯೋಮರಿ, ನೋಡೋಕೆ ನಮ್ಮ ಸಿಹಿಗಡುಬಿಗೆ ಮೂತಿ ಬಂದಹಾಗಿರುತ್ತೆ. ಮೂತಿ ಉದ್ದವಾದಷ್ಟೂ ಚಳಿಗಾಲ ಬೇಗ ಹೋಗುತ್ತಂತೆ. ಈ ಥಂಡಿಗೆ ನಾನಂತೂ ಮೊಳದುದ್ದ ಎಳೆಯೋಕೂ ತಯಾರು!

ಬಿಸಿಬಿಸಿ ಯೋಮರಿ ಮೊದಲು ಹೋಗೋದು ಕಣಜಕ್ಕೆ. ಅದೇ ಹಿಟ್ಟಿನಲ್ಲಿ ಗಣೇಶ, ಕುಬೇರ, ಲಕ್ಷ್ಮಿಯರನ್ನೂ ಮಾಡಿ ಭತ್ತದ ರಾಶಿಯಲ್ಲಿಟ್ಟು ಪೂಜಿಸುತ್ತಾರೆ. ಅದನ್ನು ಅವತ್ತು ಯಾರೂ ಮುಟ್ಟೋಹಾಗಿಲ್ಲ, ನಾಲ್ಕನೇ ದಿನ ತೆಗೆದು ಪ್ರಸಾದ ಅಂತ ತಿನ್ನಬೇಕು. ಇದಕ್ಕೊಂದು ಕತೆ ಇದೆ. ಈಗಿನ ಪನೌತಿ ಊರಿನಲ್ಲಿ ಸುಚಂದ್ರ, ಕೃತಾ ಅಂತ ಗಂಡಹೆಂಡತಿ ಹೊಸಕ್ಕಿಯಲ್ಲಿ ಇದನ್ನು ಮೊದಲ ಸಲ ಮಾಡಿದರಂತೆ. ವೇಷ ಮರೆಸಿಕೊಂಡು ಬಂದ ಕುಬೇರನಿಗೂ ಕೊಟ್ಟರಂತೆ. ಅವನು ಖುಷಿಯಾಗಿ, ಹೀಗೆ ಮಾಡಿದವರ ಮನೆಗೆ ಬಡತನ ಬರೋದಿಲ್ಲ ಅಂತ ವರ ಕೊಟ್ಟನಂತೆ.

ನಮ್ಮ ಮಲೆನಾಡಲ್ಲಿ ಭೂಮಿ ಹುಣ್ಣಿಮೆಗೆ ಗದ್ದೆಗೇ ಊಟ ಹೊರುತ್ತೇವೆ, ಪೈರು ಬಸುರಿ ಅಂತ. ಹೆರಿಗೆಯಾದ ಮೇಲೆ, ಅಂದರೆ ಕಾಳು ಕಣಜ ಸೇರಿದ ಮೇಲೆ, ಇವರು ಬಡಿಸುತ್ತಾರೆ. ನನಗಂತೂ ಎರಡೂ ಬೇಕು ಅನ್ನಿಸುತ್ತೆ.

ಈಗ ನಿನ್ನ ಪ್ರಶ್ನೆ. ನೇವಾರರಲ್ಲಿ ಶಿವಮಾರ್ಗಿಗಳು ಅಂದರೆ ಹಿಂದೂಗಳೂ ಇದ್ದಾರೆ, ಬುದ್ಧಮಾರ್ಗಿಗಳೂ ಇದ್ದಾರೆ. ಯಾರು ಯಾವ ಮಾರ್ಗದವರು ಅಂತ ತಿಳಿಯೋದು ಮನೆಗೆ ಯಾವ ಪುರೋಹಿತರು ಬರುತ್ತಾರೆ ಅನ್ನೋದರಿಂದ: ರಾಜೋಪಾಧ್ಯಾಯ ಬ್ರಾಹ್ಮಣರೋ, ಬೌದ್ಧರ ವಜ್ರಾಚಾರ್ಯ ಗುಭಾಜುಗಳೋ. ಯೋಮರಿ ಮಾತ್ರ ಇಬ್ಬರ ಮನೆಯಲ್ಲೂ ಬೇಯುತ್ತೆ. ಒಬ್ಬರ ಲಕ್ಷ್ಮಿಯ ಜಾಗದಲ್ಲಿ ಇನ್ನೊಬ್ಬರಿಗೆ ವಸುಂಧರಾ. ಕುಬೇರನನ್ನೇ ಬೌದ್ಧರು ಜಂಭಲ ಅಂತಾರೆ. ಕಾಠ್ಮಂಡುವಿನ ಕುಮಾರಿಯನ್ನೇ ನೋಡು. ಬೌದ್ಧ ಶಾಕ್ಯರ ಮನೆಯ ಹುಡುಗಿ, ಹಿಂದೂಗಳ ತಲೇಜು ದೇವಿಯಾಗಿ ಪೂಜೆಗೊಳ್ಳುತ್ತಾಳೆ. ‘ಯಾರದ್ದು’ ಅನ್ನೋ ಪ್ರಶ್ನೆ ಜನಗಣತಿ ಫಾರಂ ತುಂಬುವವರಿಗೆ ಸರಿ, ಒಲೆ ಮುಂದೆ ಕೂತವರಿಗೆ ಅದರ ಗೊಡವೆ ಇಲ್ಲ.

ಸಂಜೆ ಓಣಿ ತುಂಬಾ ಮಕ್ಕಳು ಹಾಡು ಹೇಳಿಕೊಂಡು ಮನೆಮನೆಗೆ ಯೋಮರಿ ಕೇಳೋಕೆ ಬರುತ್ತಾರೆ. ಕೊಡದಿದ್ದರೆ ಹಾಡಲ್ಲೇ ಬೈಯುತ್ತಾರೆ, ಯಾರೂ ಬೇಜಾರು ಮಾಡಿಕೊಳ್ಳೋದಿಲ್ಲ. ಎರಡು, ನಾಲ್ಕು, ಆರು ಹೀಗೆ ಹನ್ನೆರಡರವರೆಗಿನ ಸರಿಸಂಖ್ಯೆಯ ಹುಟ್ಟುಹಬ್ಬಗಳಿಗೆ ಮಕ್ಕಳ ಕೊರಳಿಗೆ ಯೋಮರಿ ಹಾರವನ್ನೇ ಹಾಕುತ್ತಾರಂತೆ. ನಿನಗೆ ವಯಸ್ಸು ಮೀರಿತು, ಆಸೆಪಡಬೇಡ.

ರಜೆಗೆ ಬರುವಾಗ ಊರಿಂದ ಬೆಲ್ಲ ತಾ, ಅದನ್ನೇ ತುಂಬಿ ಮಾಡೋಣ. ಜೋನಿಬೆಲ್ಲ ಮಾತ್ರ ಬೇಡ. ದಾರಿಯಲ್ಲೂ ಸೋರುತ್ತೆ, ಯೋಮರಿಯಿಂದಲೂ ಸೋರುತ್ತೆ. ಅಚ್ಚುಬೆಲ್ಲ ಸಾಕು.

ನಿನ್ನ
ಅಮ್ಮ