ಹಗೆಯವರ ಎತ್ತು ನಮ್ಮ ಹೊಲಕ್ಕೆ ಬಂದಾಗ

ಸಂಪಾದಕರೇ,

ಶತ್ರುಗಳನ್ನು ಪ್ರೀತಿಸಿ ಎಂಬ ಯೇಸುವಿನ ಮಾತು ಕೇಳಲು ಚೆಂದ, ಬದುಕಿನಲ್ಲಿ ಆಗದ ಮಾತು ಎಂದು ಓದುಗರೊಬ್ಬರು ಈಚೆಗೆ ಇಲ್ಲಿ ಬರೆದಿದ್ದರು. ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ. ಚರ್ಚಿನಲ್ಲಿ ಆ ಮಾತಿರುವ ಬೈಬಲಿನ ಮತ್ತಾಯನ 5ನೇ ಅಧ್ಯಾಯ ಓದಿದಾಗಲೆಲ್ಲ ತಲೆ ತಗ್ಗಿಸಿ ಕೂರುತ್ತಿದ್ದೆ. ನಮ್ಮ ಬಾಂದುಕಲ್ಲು ಕಿತ್ತು ಒಳಗೆ ಸರಿಸಿ ನೆಟ್ಟ ಪಕ್ಕದ ಹೊಲದವರ ಮೇಲೆ ಪ್ರೀತಿ ಹಾಗಿರಲಿ, ಅವರ ಮುಖ ನೋಡುವ ಮನಸ್ಸೂ ನನಗಿರಲಿಲ್ಲ. ಆರು ವರ್ಷದಿಂದ ಮಾತಿಲ್ಲ. ಕೇಸು ಕೋರ್ಟಿನಲ್ಲಿದೆ.

ಹೋದ ವರ್ಷ ಗೋವಿನಜೋಳ ತೆನೆ ಕಟ್ಟುವ ಹೊತ್ತಿಗೆ ಒಂದು ಸಂಜೆ ಅವರ ಎತ್ತು ನಮ್ಮ ಹೊಲಕ್ಕೆ ನುಗ್ಗಿತ್ತು. ಕೊರಳಲ್ಲಿ ಹರಿದ ಹಗ್ಗ ಜೋತಾಡುತ್ತಿತ್ತು. ಎರಡು ಸಾಲು ಮುಗಿಸಿ ಮೂರನೆಯದಕ್ಕೆ ಬಾಯಿ ಹಾಕಿತ್ತು. "ಕೊಂಡವಾಡಕ್ಕ ಹಾಕೋಣು ಅವ್ವಾ, ದಂಡ ಕಟ್ಟಿ ಬಿಡಿಸ್ಕೊಳ್ಳಲಿ" ಅಂದ ಮಗ. ನ್ಯಾಯದ ಮಾತೇ. ಆದರೆ ಸಂಡೇ ಸ್ಕೂಲಿನ ಮಕ್ಕಳಿಗೆ ನಾನೇ ಎಷ್ಟೋ ಸಲ ಕಲಿಸಿದ, ಬೈಬಲಿನ ವಿಮೋಚನಕಾಂಡದ 23ನೇ ಅಧ್ಯಾಯ ನೆನಪಾಯಿತು. ಶತ್ರುವಿನ ಎತ್ತೋ ಕತ್ತೆಯೋ ದಾರಿ ತಪ್ಪಿದ್ದು ಕಂಡರೆ ಹೊಡೆದುಕೊಂಡು ಹೋಗಿ ಅವನಿಗೆ ಒಪ್ಪಿಸಬೇಕು. ನಿನ್ನನ್ನು ದ್ವೇಷಿಸುವವನ ಕತ್ತೆ ಹೊರೆಯ ಕೆಳಗೆ ಬಿದ್ದಿದ್ದರೆ ಸುಮ್ನೆ ದಾಟಿ ಹೋಗಬಾರದು, ಎಬ್ಬಿಸಲು ಕೈ ಹಚ್ಚಬೇಕು. ಯೇಸುವಿಗಿಂತ ಎಷ್ಟೋ ಮೊದಲಿನ ಮೋಶೆಯ ನಿಯಮ ಇದು. ಪ್ರೀತಿ ಎಂಬ ಮಾತೇ ಅಲ್ಲಿಲ್ಲ ನೋಡಿ. ಸಿಟ್ಟು ಇಳಿದ ಮೇಲೆ ಮಾಡು ಅಂತಲೂ ಇಲ್ಲ. ಎತ್ತು ಕಂಡಿತಾ, ಮನೆ ಮುಟ್ಟಿಸು.

ನಾನೇ ಹೊಡೆದುಕೊಂಡು ಹೋದೆ. ದಾರಿಯುದ್ದಕ್ಕೂ ಒಳಗೊಳಗೇ ಬಯ್ಯುತ್ತಿದ್ದೆ, ಸುಳ್ಳು ಹೇಳುವುದಿಲ್ಲ. ಆ ಮನೆಯಾಕೆ ಬಾಗಿಲಲ್ಲೇ ನಿಂತುಬಿಟ್ಟರು. "ಎಲ್ಲಿ ಸಿಕ್ತರಿ ಅಕ್ಕಾರ?" ಅಂದರು. "ನಮ್ಮ ಹೊಲದಾಗ" ಅಂದೆ. ಹಗ್ಗದ ತುಂಡು ನನ್ನ ಕೈಯಿಂದ ಅವರ ಕೈಗೆ ಹೋಯಿತು. ಒಳಗೆ ಹೋಗಿ ತಂಬಿಗೆಯಲ್ಲಿ ನೀರು, ಅಂಗೈಯಲ್ಲಿ ಒಂದು ಚೂರು ಬೆಲ್ಲ ತಂದರು. ಕುಡಿದು ಬಂದೆ.

ಕೇಸು ವಾಪಸ್ ತಗೊಂಡಿಲ್ಲ. ತಗೊಳ್ಳಬೇಕು ಅಂತ ಅನಿಸಿಯೂ ಇಲ್ಲ. ದಯೆ ತೋರುವುದೆಂದರೆ ಸೋತು ಬದು ಬಿಟ್ಟುಕೊಡುವುದು ಎಂದು ಪತ್ರ ಬರೆದವರು ತಿಳಿದಂತಿದೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗಾಡಿಯೊಳಗೆ ಮಲಗಿದ್ದ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಅವರನ್ನೂ 10 ಮತ್ತು 6 ವರ್ಷದ ಅವರ ಇಬ್ಬರು ಗಂಡುಮಕ್ಕಳನ್ನೂ ಸುಟ್ಟು ಕೊಂದರು. ಕೊಂದವರನ್ನು ಕ್ಷಮಿಸಿದ್ದೇನೆ ಎಂದರು ಹೆಂಡತಿ ಗ್ಲಾಡಿಸ್. ತಾವಿದ್ದ ಬಾರಿಪದಾ ಊರು ಬಿಟ್ಟು ಓಡದೆ, ಅಲ್ಲಿನ ಕುಷ್ಠರೋಗಿಗಳ ಸೇವೆಯನ್ನು ಇನ್ನೂ ಕೆಲವು ವರ್ಷ ಮಾಡಿದರು. ಕಾನೂನೂ ತನ್ನ ಕೆಲಸ ಮಾಡಿತು. ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಎತ್ತಿಹಿಡಿಯಿತು. ಎರಡೂ ಒಟ್ಟಿಗೆ ಇರಬಹುದು, ಅಲ್ವಾ? ನನ್ನದು ಎರಡು ಸಾಲು ಗೋವಿನಜೋಳ. ಆ ತಾಯಿಯ ಮುಂದೆ ನನ್ನ ಕಷ್ಟ ಯಾವ ಲೆಕ್ಕ?

ಬೈಬಲಿನ ಪ್ರವಾದಿ ಎಲೀಷನ ಕಥೆಯೂ ಇದೇ. ಕೈಗೆ ಸಿಕ್ಕ ಶತ್ರುಗಳಾದ ಅರಾಮ್ಯರ ದಂಡನ್ನು ಕಡಿಯಲೇ, ಕಡಿಯಲೇ ಎಂದು ಇಸ್ರಾಯೇಲಿನ ಅರಸ ಎರಡು ಸಲ ಕೇಳುತ್ತಾನೆ. ಬೇಡ, ಊಟಕ್ಕಿಡು ಎನ್ನುತ್ತಾನೆ ಎಲೀಷ. ಅವರು ಹೊಟ್ಟೆ ತುಂಬ ಉಂಡು ಊರಿಗೆ ಹೋಗುತ್ತಾರೆ. ಆ ಸುಲಿಗೆಯ ಗುಂಪುಗಳು ಮತ್ತೆ ಬರಲಿಲ್ಲ ಎಂದು ಬರೆದಿದೆ.

ಹೋದ ತಾರೀಖಿಗೆ ಕೋರ್ಟಿನ ಕಟ್ಟೆಯ ಮೇಲೆ ಕೂತಿದ್ದಾಗ ಪಕ್ಕದ ಹೊಲದವರು ಎದುರಿಗೆ ಬಂದು ನಿಂತರು. "ಆರಾಮ ಇದ್ದೀರೇನ್ರಿ ಅಕ್ಕಾರ?" ಅಂದರು.

"ಆರಾಮ್ರಿ. ಎತ್ತು ಹೆಂಗೈತಿ?" ಅಂದೆ.

- ಒಬ್ಬ ನಿವೃತ್ತ ಶಿಕ್ಷಕಿ, ಗದಗ ಜಿಲ್ಲೆ