ಹತ್ತು ಪದ, ಎರಡು ಭಾಷೆ

ಪೆರ್ಲ (ಕಾಸರಗೋಡು), ಆಟಿ ತಿಂಗಳು

ಪ್ರೀತಿಯ ಗೆಳೆಯಾ,

ನಿನ್ನ ವಾಯ್ಸ್ ಮೆಸೇಜ್ ಮೂರು ಸಲ ಕೇಳಿದೆ. ಇಲ್ಲಿ ಬಿಡದೆ ಮಳೆ. ಕರೆಂಟು ಹೋದರೆ ನೆಟ್‌ವರ್ಕೂ ಹೋಗುತ್ತದೆ. ಫೋನಿನಲ್ಲಿ ಅರ್ಧ ಹೇಳಿ ಅರ್ಧ ನುಂಗುವ ಬದಲು ಬರೆದೇಬಿಡುತ್ತೇನೆ. ನಮ್ಮ ಪ್ರಾಯದ ಇನ್ನು ಕೆಲವರಿಗೂ ಬೇಕಾದೀತು ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ನಿನ್ನ ಹೆಸರು ಹಾಕಿಲ್ಲ, ಹೆದರಬೇಡ.

ಬೆಂಗಳೂರಿನಲ್ಲಿ ಮುಪ್ಪಿನ ಅಧ್ಯಯನಕ್ಕೆ, ಅಂದರೆ ಅದೇ ಜನರ ಆರೋಗ್ಯ, ನೆನಪನ್ನು ಕೆಲವು ವರ್ಷಕ್ಕೊಮ್ಮೆ ಮತ್ತೆ ಮತ್ತೆ ಅಳೆದು ನೋಡುವುದಕ್ಕೆ, ಮೂರು ವರ್ಷದ ಹಿಂದೆ ಹೆಸರು ಕೊಟ್ಟಿದ್ದಿ. ಈಗ ಎರಡನೇ ಸುತ್ತಿಗೆ ಕರೆಯುತ್ತಿದ್ದಾರೆ, ನಿನಗೆ ಹೋಗಲು ಮನಸ್ಸಿಲ್ಲ. ಮಂಡಿನೋವು, ಟ್ರಾಫಿಕ್ಕು, ಮೊಮ್ಮಗಳ ಶಾಲೆ ಅಂತ ಸುತ್ತಿ ಬಳಸಿ ಕೊನೆಗೆ ಮೆಲ್ಲ ಬಾಯಿಬಿಟ್ಟೆ: "ಈ ಸಲ ಮಾರ್ಕು ಕಡಿಮೆ ಬಂದರೆ ಎಂತ ಮಾಡುವುದು?" ಹೋಗುವುದೇ ಆದರೆ ಯೂಟ್ಯೂಬಿನಲ್ಲಿ ನೋಡಿ ನೆನಪಿನ ಆಟಗಳನ್ನೆಲ್ಲ ಒಂದು ತಿಂಗಳು ಉರು ಹೊಡೆದು ಹೋಗಲಾ ಅಂತಲೂ ಕೇಳಿದ್ದಿ. ನಿನಗೆ ಇದರಿಂದ ಏನು ಸಿಕ್ಕಿತು ಅಂತಲೂ ಕೇಳಿದ್ದಿ.

ಎಂತ ಮಾರಾಯ, ಅರುವತ್ತೊಂಬತ್ತರಲ್ಲೂ ನೀನು ಪರೀಕ್ಷೆಯ ಹಿಂದಿನ ರಾತ್ರಿಯ ಗಿರಾಕಿಯೇ.

ನನ್ನ ಕತೆ ಹೇಳುತ್ತೇನೆ. ನಾನು ಸೇರಿದ ಅಧ್ಯಯನ ಯಾವುದು ಅಂತ ಹೇಳುವುದಿಲ್ಲ. ಒಂದು ದೂರು ಇದೆ, ಹೆಸರು ಹಿಡಿದು ದೂರುವ ಮನಸ್ಸಿಲ್ಲ. ಇಂಥವು ಈಗ ನಮ್ಮ ದೇಶದಲ್ಲಿ ಹಲವು ನಡೆಯುತ್ತಿವೆ. ದೊಡ್ಡದು ಲಾಸಿ (LASI), ಅಂದರೆ ಇಡೀ ಭಾರತದ ಮುಪ್ಪಿನ ದೀರ್ಘಕಾಲದ ಅಧ್ಯಯನ. ಮುಂಬೈಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಮತ್ತು ಹೊರದೇಶದ ಎರಡು ವಿಶ್ವವಿದ್ಯಾಲಯಗಳು ಸೇರಿ ಮಾಡುವುದು. ಮೊದಲ ಸುತ್ತಿನಲ್ಲಿ, 2017-18ರಲ್ಲಿ, 45 ದಾಟಿದವರು ಮತ್ತು ಅವರ ಗಂಡ ಅಥವಾ ಹೆಂಡತಿ ಅಂತ 72,000ಕ್ಕೂ ಜಾಸ್ತಿ ಜನರನ್ನು ಮಾತಾಡಿಸಿದ್ದಾರೆ. ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದವರು 10,000 ಜನರ ಗುರಿ ಇಟ್ಟುಕೊಂಡು ಇದೇ ಕೆಲಸಕ್ಕೆ ಇಳಿದಿದ್ದಾರೆ. ನಮ್ಮದು ಇಂಥದ್ದೇ ಅಂತ ತಿಳಿದುಕೋ.

ಮೊದಲ ಸಲ ಬಂದದ್ದು 2018ರಲ್ಲಿ. ಪಯ್ಯನ್ನೂರು ಕಡೆಯ ಒಬ್ಬಳು ಮಲಯಾಳಿ ಹುಡುಗಿ, ಬೆನ್ನಿಗೊಂದು ಚೀಲ, ಕೈಯಲ್ಲಿ ಟ್ಯಾಬ್. ಸರ್ವೆ ಅಂದರೆ ನಮ್ಮವರಿಗೆ ಅನುಮಾನ ಅಂತ ನಿನಗೆ ಗೊತ್ತಲ್ಲ. ತೋಡಿನ ಆಚೆ ಮನೆಯವರು ಪಿಂಚಣಿ ಕಟ್ ಮಾಡಲಿಕ್ಕೆ ಬಂದವರು ಅಂತ ಬಾಗಿಲು ಹಾಕಿಕೊಂಡರು. ಆಮೇಲೆ ತಿಳಿಯಿತು, ಅವರ ಮನೆ ಪಟ್ಟಿಯಲ್ಲೇ ಇರಲಿಲ್ಲ. ನಾನು ರಿಟೈರ್ಡ್ ಮಾಷ್ ಅಂತ ಗೊತ್ತಾದದ್ದೇ ಅವಳು "ಮಾಷೇ, ಮಾಷೇ" ಅಂತ ಶುರು ಮಾಡಿದಳು. ಹಾಗೆ ಕರೆದರೆ ಇಲ್ಲ ಅನ್ನುವುದು ಹೇಗೆ?

ಹುಟ್ಟಿದ ರಾಜ್ಯ ಯಾವುದು ಅಂತ ಕೇಳಿದಳು. ಆಗ ನಿನ್ನ ನೆನಪಾಯಿತು. ಇಬ್ಬರೂ 1956ರವರು. ನೀನು ಆಗಸ್ಟಿನವ, ಮದ್ರಾಸು ರಾಜ್ಯದವ. ನಾನು ಡಿಸೆಂಬರಿನವ, ಕೇರಳದವ. ನಡುವೆ ನವೆಂಬರ್ 1, ಕಾಸರಗೋಡು ಕೇರಳಕ್ಕೆ ಸೇರಿದ ದಿನ. ಎರಡು ಮನೆಗಳ ನಡುವೆ ಇದ್ದದ್ದು ಒಂದು ತೋಡು ಮಾತ್ರ.

ಪ್ರಶ್ನೆಗಳು ಮುಗಿಯುವ ಹಾಗೆ ಇರಲಿಲ್ಲ. ಅಡಿಕೆ ಎಷ್ಟು, ಸಾಲ ಎಷ್ಟು, ಕಳೆದ ವಾರ ಬೇಜಾರಾಗಿತ್ತಾ, ಸ್ನಾನಕ್ಕೆ ಯಾರಾದರೂ ಸಹಾಯ ಮಾಡಬೇಕಾ. ಚಿನ್ನದ ಪ್ರಶ್ನೆಗೆ ನನ್ನವಳು ಒಳಗಿಂದಲೇ ಕೆಮ್ಮಿದಳು. ಅದನ್ನು ಬಿಟ್ಟುಬಿಟ್ಟೆ. ಬೇಡದ ಪ್ರಶ್ನೆ ಬಿಡಬಹುದು, ಬೇಕಾದಾಗ ಎದ್ದು ಹೋಗಬಹುದು ಅಂತ ಅವಳೇ ಮೊದಲು ಹೇಳಿದ್ದಳು. ಆಮೇಲೆ ಕೈಬಲ ಅಳೆಯುವ ಒಂದು ಹಿಡಿಕೆ ಕೊಟ್ಟು ಆದಷ್ಟು ಗಟ್ಟಿ ಒತ್ತಲು ಹೇಳಿದಳು. ಚಾವಡಿಯ ನೆಲಕ್ಕೆ ಟೇಪು ಅಂಟಿಸಿ ನಾಲ್ಕು ಮೀಟರ್ ನಡೆಸಿದಳು. ಆ ಟೇಪಿನ ಅಂಟು ಇವತ್ತಿಗೂ ಹೋಗಿಲ್ಲ. ಬಿಪಿ ಮೂರು ಸಲ ನೋಡಿದಳು. ಬೆರಳು ಚುಚ್ಚಿ ನಾಲ್ಕೈದು ಹನಿ ರಕ್ತವನ್ನು ದಪ್ಪ ಕಾಗದದ ಮೇಲೆ ಬೀಳಿಸಿ ಒಣಗಲು ಇಟ್ಟಳು. ಒಣಗಿದ ಮೇಲೆ ಅದು ಊರೂರು ಸುತ್ತಬಹುದಂತೆ, ಆಗಲೇ ಐಸಿಗಾಗಿ ಓಡಬೇಕಾಗಿಲ್ಲ. ಹಪ್ಪಳದ ಹಾಗೆ ಅಂತ ಚಿಕ್ಕಮ್ಮ ಅಂದರು.

ಚಿಕ್ಕಮ್ಮನಿಗೆ ಆಗ 81. ಅವರೂ ಪಟ್ಟಿಯಲ್ಲಿದ್ದರು. ಒಂದು ನಿಮಿಷದಲ್ಲಿ ನೆನಪಾದಷ್ಟು ಪ್ರಾಣಿಗಳ ಹೆಸರು ಹೇಳಬೇಕು. ಪಕ್ಕದ ಮನೆ ಹುಡುಗಿ ತುಳುವಿನಲ್ಲಿ ಅರ್ಥ ಹೇಳಿದಳು. ಚಿಕ್ಕಮ್ಮ ಶುರು ಮಾಡಿದರು ನೋಡು: ದನ, ಪೆತ್ತ, ಬೆಕ್ಕು, ಪುಚ್ಚೆ, ಹಂದಿ, ಪಂಜಿ, ಹುಲಿ, ಪಿಲಿ. ಎಲ್ಲವೂ ಎರಡೆರಡು, ಒಮ್ಮೆ ಕನ್ನಡದಲ್ಲಿ, ಒಮ್ಮೆ ತುಳುವಿನಲ್ಲಿ. ಟ್ಯಾಬಿನ ಹುಡುಗಿಗೆ ತಲೆಬಿಸಿ. ಪುಚ್ಚೆ ಅವಳ ಪೂಚ್ಚ ಆದ್ದರಿಂದ ಹೇಗೋ ಗೊತ್ತಾಯಿತು. ಹುಲಿ, ಪಿಲಿ ಎರಡಕ್ಕೂ ಗುರುತು ಹಾಕಿದಳು. ಮಲಯಾಳದಲ್ಲಿ ಪುಲಿ ಅಂದರೆ ಚಿರತೆ ಅಲ್ವಾ, ಪಿಲಿಯೂ ಅದೇ ಅಂದುಕೊಂಡಿದ್ದಳು. ನಾನು ಬಾಯಿ ಮುಚ್ಚಿಕೊಂಡೆ. ಪರೀಕ್ಷಾ ಕೊಠಡಿಯಲ್ಲಿ ಹೇಳಿಕೊಡಬಾರದು ಅಂತ ಮೂವತ್ತು ವರ್ಷ ಮಕ್ಕಳಿಗೆ ಹೇಳಿದವನು ನಾನು. ಚಿಕ್ಕಮ್ಮನ ಲೆಕ್ಕಕ್ಕೆ ಒಂದು ಪ್ರಾಣಿ ಪುಕ್ಕಟೆ ಸಿಕ್ಕಿತು.

ನನ್ನ ಸರದಿಗೆ ಹತ್ತು ಪದ ಬಂತು. ಹತ್ತು ಸಾದಾ ಪದ ಓದುತ್ತಾರೆ, ಕೂಡಲೇ ಹೇಳಬೇಕು. ಬೇರೆ ಕೆಲಸ ಕೊಟ್ಟು, ನೂರರಿಂದ ಏಳೇಳು ಕಳೆಯಲು ಹೇಳಿ, ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಆ ಪದಗಳನ್ನು ಕೇಳುತ್ತಾರೆ. ಅವಳು ಓದಿದ್ದು ಮಲಯಾಳದಲ್ಲಿ. ಸಹಿ ಹಾಕಿದ ಒಪ್ಪಿಗೆ ಪತ್ರವೂ ಮಲಯಾಳದಲ್ಲೇ. ಪೇಟೆಯ ಮಲಯಾಳ ನನಗೆ ಬರುತ್ತದೆ, ಬಸ್ಸಿನ ಬೋರ್ಡು ಓದುತ್ತೇನೆ. ಆದರೆ ಕಲಿತದ್ದೂ ಕಲಿಸಿದ್ದೂ ಕನ್ನಡ, ಮನೆಯಲ್ಲಿ ತುಳು. ಎರಡನೇ ಸಲ ಕೇಳಿದಾಗ ಬಾಯಿಗೆ ಬಂದದ್ದು ನಾಲ್ಕೇ. ಪದಗಳು ಯಾವುವು ಅಂತ ಇಲ್ಲಿ ಬರೆಯುವ ಹಾಗಿಲ್ಲ. ಇಷ್ಟು ಹೇಳಬಹುದು: ನಾಲ್ಕೂ ಕನ್ನಡದಲ್ಲಿ, ಮಲಯಾಳದಲ್ಲಿ ಒಂದೇ ಆಗಿದ್ದವು. ಬೇರೆ ಆರು ಕೆಸುವಿನ ಎಲೆಯ ಮೇಲಿನ ನೀರು. ನನ್ನವಳದು ಏಳು. ಅವಳು ತವರಿನಲ್ಲಿ ಮಲಯಾಳ ಶಾಲೆಗೆ ಹೋದವಳು ಅಂತ ನಾನು ಎಷ್ಟು ಹೇಳಿದರೂ ಕೇಳಲಿಲ್ಲ, ಒಂದು ವರ್ಷ ಆ ಏಳನ್ನೇ ಹೇಳಿ ಹಂಗಿಸಿದಳು.

ಎರಡು ವರ್ಷ ಬಿಟ್ಟು ಬರುತ್ತೇವೆ ಅಂದಿದ್ದರು. ಅಷ್ಟರಲ್ಲಿ ಕೊರೋನಾ. ಗಡಿಯ ತಲಪಾಡಿಯಲ್ಲಿ ದಾರಿ ಬಂದ್ ಆಗಿ, ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದ ನಮ್ಮವರು ದಿಕ್ಕು ತೋಚದೆ ಕೂತ ಕಾಲ, ಆಗ ಮನೆ ಮನೆಗೆ ಯಾರು ಬರುತ್ತಾರೆ? ಬಂದದ್ದು 2022ರಲ್ಲಿ. ಈ ಸಲ ಮಂಜೇಶ್ವರ ಕಡೆಯ ಕನ್ನಡದ ಹುಡುಗಿ. ಒಪ್ಪಿಗೆ ಪತ್ರ ಕನ್ನಡದಲ್ಲಿ, ಪದಗಳು ಕನ್ನಡದಲ್ಲಿ. ಆರು ಪದ ಹೇಳಿದೆ.

ಲೆಕ್ಕ ಏನಾಯಿತು ನೋಡು. 62ರಲ್ಲಿ ನಾಲ್ಕು, 66ರಲ್ಲಿ ಆರು. ಅವರ ಕಾಗದದಲ್ಲಿ ನನ್ನ ನೆನಪು ವರ್ಷ ಹೋದ ಹಾಗೆ ಜೋರಾಗಿದೆ! ನನ್ನವಳ ಎದುರು ಆ ದಿನ ಸ್ವಲ್ಪ ಮೆರೆದೆ. ರಾತ್ರಿ ಮಲಗಿದ ಮೇಲೆ ಕಸಿವಿಸಿ ಆಯಿತು. ಕನ್ನಡಕ ಎಲ್ಲಿಟ್ಟೆ ಅಂತ ದಿನಕ್ಕೆ ಮೂರು ಸಲ ಹುಡುಕುವವನು ನಾನು. ಬೆಳಿಗ್ಗೆ ಆ ಹುಡುಗಿಗೆ ಫೋನ್ ಮಾಡಿ, ಮೊದಲನೆಯ ಸಲದ್ದು ಬೇರೆ ಭಾಷೆಯಲ್ಲಿ ನಡೆದದ್ದು, ಬರೆದುಕೊಳ್ಳಿ ಅಂದೆ. ಯಾವ ಭಾಷೆಯಲ್ಲಿ ಮಾತುಕತೆ ನಡೆಯಿತು ಅಂತ ತುಂಬುವ ಜಾಗ ಟ್ಯಾಬಿನಲ್ಲಿ ಇದೆಯಂತೆ. ಷರಾ ಬರೆಯುತ್ತೇನೆ ಅಂದಳು. ಇದೇ ನನ್ನ ದೂರು. ಜನರಿಗೆ ತಿಳಿಯುವ ಭಾಷೆಯಲ್ಲಿ ಒಪ್ಪಿಗೆ ಕೇಳಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನಿಯಮದಲ್ಲೇ ಇದೆ. ಕಾಸರಗೋಡಿಗೆ ಬರುವವರು ಕನ್ನಡದ ಹಾಳೆ ಹಿಡಿದುಕೊಂಡು ಬರಬೇಕು ಅಂತ ಯಾರಿಗೂ ಮೊದಲೇ ಹೊಳೆಯಲಿಲ್ಲ ಅಂದರೆ ಏನು ಹೇಳುವುದು?

ಇಷ್ಟಕ್ಕೆ ಯಾಕೆ ನಿದ್ದೆ ಬಿಟ್ಟೆ ಅಂತ ಕೇಳುತ್ತೀ. ಅವರು ನನ್ನನ್ನು ನಿನ್ನ ಜೊತೆ ತೂಗುವುದಿಲ್ಲ ಮಾರಾಯ. ನನ್ನನ್ನು ತೂಗುವುದು ಮೊದಲಿನ ನನ್ನ ಜೊತೆ. ಆ ಮೊದಲಿನದ್ದೇ ಸುಳ್ಳಾದರೆ?

ಮೊದಲು ಹೇಗಿತ್ತು ಅಂತ ಬರೆದಿಡದಿದ್ದರೆ ಏನಾಗುತ್ತದೆ ಅಂತ ನಮ್ಮ ಎಣ್ಮಕಜೆ ಪಂಚಾಯತಿನವರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರುಗುಡ್ಡೆಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ಮಕ್ಕಳಿಗೆ ಏನೇನೋ ಆಯಿತು. ಆಮೇಲೆ ತಂಡದ ಮೇಲೆ ತಂಡ ಬಂತು, ರಕ್ತ ತೆಗೆಯಿತು, ವರದಿ ಬರೆಯಿತು. ಅಹಮದಾಬಾದಿನ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು 2001ರಲ್ಲಿ ನಮ್ಮ ಪಡ್ರೆಯ ಮಕ್ಕಳನ್ನು ಹೋಲಿಸಿ ನೋಡಲು, ಸಿಂಪಡಣೆ ಇಲ್ಲದ ಮೀಂಜದ ಮಕ್ಕಳ ಹತ್ತಿರ ಹೋಗಬೇಕಾಯಿತು. ಬೇರೆ ದಾರಿ ಇರಲಿಲ್ಲ. ಸಿಂಪಡಿಸುವ ಮೊದಲು ಪಡ್ರೆ ಹೇಗಿತ್ತು ಅಂತ ಯಾರೂ ಅಳೆದು ಇಟ್ಟಿರಲಿಲ್ಲವಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ತಡೆ ಹಾಕುವವರೆಗೂ, ಆಮೇಲೂ, ಕಾರಣ ಅದಲ್ಲ ಇದು ಅಂತ ವಾದ ಮಾಡುವವರಿಗೆ ಬಾಯಿ ಇತ್ತು. ಮೊದಲಿನ ಹತ್ತು ವರ್ಷದ ಒಂದು ದಪ್ಪ ಪುಸ್ತಕ ನಮ್ಮ ಹತ್ತಿರ ಇದ್ದಿದ್ದರೆ ಅಂತ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಅಮೆರಿಕದಲ್ಲಿ ಕ್ರೈಸ್ತ ಸನ್ಯಾಸಿನಿಯರ ಅಧ್ಯಯನ ಒಂದು ನಡೆದಿದೆ, 1986ರಲ್ಲಿ ಶುರುವಾದದ್ದು. 75 ದಾಟಿದ 678 ಮಂದಿ. ಅವರಲ್ಲಿ ಕೆಲವರು ಇಪ್ಪತ್ತರ ಪ್ರಾಯದಲ್ಲಿ ಮಠ ಸೇರುವಾಗ ತಮ್ಮ ಬಗ್ಗೆ ಒಂದೊಂದು ಪುಟ ಬರೆದುಕೊಟ್ಟಿದ್ದರು. ಅರುವತ್ತು ವರ್ಷ ಆ ಹಾಳೆಗಳು ಸುಮ್ನೆ ಕಪಾಟಿನಲ್ಲಿದ್ದವು. ತೆಗೆದು ನೋಡಿದರೆ, ಒಂದೊಂದು ವಾಕ್ಯದಲ್ಲಿ ಜಾಸ್ತಿ ವಿಚಾರ ತುಂಬಿ ಬರೆದವರಲ್ಲಿ ಮುಪ್ಪಿನ ಮರೆವು ಕಡಿಮೆ ಕಂಡಿತಂತೆ. ಪ್ರಬಂಧ ತಿದ್ದುತ್ತಲೇ ಮುದುಕನಾದವನಿಗೆ ಇದು ಇಷ್ಟವಾಗದೆ ಇರುತ್ತದಾ? ಆದರೆ ಆ ಹುಡುಗಿಯರಿಗೆ ಮುಂದೊಂದು ದಿನ ಇದನ್ನು ಅಳೆಯುತ್ತಾರೆ ಅಂತ ಗೊತ್ತಿರಲಿಲ್ಲ ನೋಡು. ಗೊತ್ತಿದ್ದಿದ್ದರೆ ನಿನ್ನ ಹಾಗೆ ಒಂದು ತಿಂಗಳು ಉರು ಹೊಡೆದು ಬರೆಯುತ್ತಿದ್ದರು.

ಹಾಗಾಗಿ ಯೂಟ್ಯೂಬ್ ಬೇಡ. ಒಮ್ಮೆ ಮಾಡಿದವರು ಎರಡನೇ ಸಲ ಸ್ವಲ್ಪ ಚೆನ್ನಾಗಿ ಮಾಡುತ್ತಾರೆ ಅಂತ ಅವರಿಗೆ ಗೊತ್ತಿದೆ, ಅಷ್ಟನ್ನು ಲೆಕ್ಕದಲ್ಲಿ ಕಳೆಯುತ್ತಾರೆ. ನಿನ್ನ ಕಳ್ಳ ತಯಾರಿಯನ್ನು ಕಳೆಯಲು ಅವರಿಗೆ ದಾರಿ ಇಲ್ಲ.

ಹೋಗದೆ ಇರುವುದು ಅದಕ್ಕಿಂತ ಕೆಟ್ಟದ್ದು. ಹಿಂದುಳಿದವರನ್ನು ಒಂಬತ್ತರಲ್ಲೇ ನಿಲ್ಲಿಸಿ ಹತ್ತರಲ್ಲಿ ನೂರಕ್ಕೆ ನೂರು ತೋರಿಸುತ್ತಿದ್ದ ಶಾಲೆಗಳು ನೆನಪುಂಟಾ? ಸ್ಟಾಫ್ ರೂಮಿನಲ್ಲಿ ಕೂತು ಎಷ್ಟು ಬೈದಿದ್ದೇವೆ. ಮಂಡಿ ನೋಯುವವರು, ಮರೆವು ಶುರುವಾದವರು, ಮನಸ್ಸು ಕುಗ್ಗಿದವರು ಒಬ್ಬೊಬ್ಬರಾಗಿ ಬಿಟ್ಟರೆ ಕೊನೆಗೆ ಉಳಿಯುವುದು ಬೆಳಿಗ್ಗೆ ಐದಕ್ಕೆ ಎದ್ದು ಯೋಗ ಮಾಡುವವರು ಮಾತ್ರ. ಅವರ ಲೆಕ್ಕ ಹಿಡಿದು ನಮ್ಮ ದೇಶದ ಮುದುಕರೆಲ್ಲ ಗಟ್ಟಿ ಇದ್ದಾರೆ ಅಂತ ಯಾರಾದರೂ ಬರೆದರೆ ನಿನಗೇ ಸಿಟ್ಟು ಬರುತ್ತದೆ. ನಿನ್ನ ಮಾರ್ಕು ನಿಜವಾಗಿಯೂ ಕಡಿಮೆ ಆಗುವುದಿದ್ದರೆ ನೀನು ಹೋಗಲೇಬೇಕು.

ಚಿಕ್ಕಮ್ಮ 2021ರಲ್ಲಿ ಹೋದರು, ನಿನಗೆ ಗೊತ್ತು. ಮರುವರ್ಷ ಆ ಹುಡುಗಿ ಟ್ಯಾಬ್ ತೆರೆದಾಗ ಅವರ ಹೆಸರು ಅಲ್ಲೇ ಇತ್ತು, ನಮ್ಮಿಬ್ಬರ ಕೆಳಗೆ. ಇಲ್ಲ ಅಂದೆ. ತೀರಿಹೋದವರಿಗೂ ಒಂದು ಪ್ರಶ್ನೆಪತ್ರಿಕೆ ಇದೆ, ಮನೆಯವರು ಉತ್ತರ ಕೊಡಬಹುದು, ಇಷ್ಟ ಇಲ್ಲದಿದ್ದರೆ ಬೇಡ ಅಂದಳು. ಕೊಡುತ್ತೇನೆ ಅಂದೆ. ಕೊನೆಯ ತಿಂಗಳುಗಳಲ್ಲಿ ಎದ್ದು ಕೂರುತ್ತಿದ್ದರಾ? ಊಟ ಯಾರು ಮಾಡಿಸುತ್ತಿದ್ದರು? ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತಿದ್ದವರು ಯಾರು, ದಿನಕ್ಕೆ ಎಷ್ಟು ಗಂಟೆ? ಆಸ್ಪತ್ರೆಯ ಖರ್ಚು ಯಾರು ಕೊಟ್ಟರು, ಅದಕ್ಕಾಗಿ ಏನಾದರೂ ಮಾರಿದಿರಾ? ಬೊಜ್ಜಕ್ಕೆ (ಉತ್ತರಕ್ರಿಯೆಗೆ) ಬಂದ ಇನ್ನೂರು ಜನರಲ್ಲಿ ಒಬ್ಬರೂ ಇದನ್ನು ಕೇಳಿರಲಿಲ್ಲ. ಪ್ರಾಣ ಎಷ್ಟು ಗಂಟೆಗೆ ಹೋಯಿತು ಅಂತ ಎಲ್ಲರೂ ಕೇಳಿದ್ದರು. ಮಗ್ಗುಲು ಬದಲಿಸುತ್ತಿದ್ದವಳು ನನ್ನವಳು. ಒಳಗಿಂದ ಬಂದು ನನ್ನ ಪಕ್ಕ ಕೂತು, ನನ್ನನ್ನು ಸುಮ್ಮನಿರಿಸಿ, ಎಲ್ಲದಕ್ಕೂ ಅವಳೇ ಉತ್ತರ ಕೊಟ್ಟಳು. ಬಳೆ ಮಾರಿದ್ದನ್ನೂ ಹೇಳಿದಳು. ಮೊದಲ ಸಲ ಚಿನ್ನದ ಪ್ರಶ್ನೆಗೆ ಕೆಮ್ಮಿದವಳು.

ಹಳೆಯ ದಾಖಲೆಯಲ್ಲಿ ಚಿಕ್ಕಮ್ಮನ ಪ್ರಾಣಿಗಳ ಲೆಕ್ಕ ಈಗಲೂ ಇರಬೇಕು, ಪುಕ್ಕಟೆ ಹುಲಿಯೂ ಸೇರಿ. ಅದನ್ನು ಸರಿ ಮಾಡಿಸಲು ನಾನು ಹೋಗಲಿಲ್ಲ. ನನ್ನದಕ್ಕೆ ಷರಾ ಬರೆಸಿದವನು ಅವರದ್ದನ್ನು ಬಿಟ್ಟೆ. ತಪ್ಪೇ. ಇರಲಿ.

ನನಗೆ ಏನು ಸಿಕ್ಕಿತು ಅಂತ ಕೇಳಿದೆಯಲ್ಲ. ದುಡ್ಡು ಇಲ್ಲ. ಬಿಪಿ ಜಾಸ್ತಿ ಇದೆ, ಡಾಕ್ಟರಿಗೆ ತೋರಿಸಿ ಅಂತ ಒಂದು ಚೀಟಿ ಸಿಕ್ಕಿತು. ತೋರಿಸಿದೆ, ಮಾತ್ರೆ ಶುರುವಾಯಿತು. ಬಿಪಿ ಜಾಸ್ತಿಯಾದರೆ ಹೃದಯಕ್ಕೆ ಕೆಟ್ಟದ್ದು ಅಂತ ಡಾಕ್ಟರು ಇಷ್ಟು ಧೈರ್ಯದಿಂದ ಹೇಳುವುದರ ಹಿಂದೆಯೂ ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಅನ್ನುವ ಊರಿನ 5,209 ಜನ ಇದ್ದಾರೆ. 1948ರಿಂದ ಎರಡು ವರ್ಷಕ್ಕೊಮ್ಮೆ ಹೋಗಿ ತೋಳು ಚಾಚಿದವರು. ಅವರಲ್ಲೂ ನಿನ್ನಂಥವರು ಇದ್ದಿರಬೇಕು, ಮನೆಯವರು ದಬ್ಬಿ ಕಳಿಸಿರಬೇಕು.

ಇನ್ನೊಂದು ವಿಷಯ, ಮೊದಲೇ ಹೇಳಬೇಕಿತ್ತು. ನಾವು ಮನೆ ಬಿಟ್ಟು ಎಲ್ಲಿಗಾದರೂ ಹೋದರೆ, ಅಥವಾ ಫೋನ್ ಎತ್ತದಿದ್ದರೆ, ನಿಮ್ಮ ವಿಚಾರ ಗೊತ್ತಿರುವ ಬೇರೆ ಮನೆಯ ಒಬ್ಬರ ನಂಬರ್ ಕೊಡಿ ಅಂತ ಕೇಳುತ್ತಾರೆ. ಮಗನದ್ದು ಕೊಡೋಣ ಅಂದರೆ ಅವನು ವರ್ಷಕ್ಕೊಮ್ಮೆ ನಂಬರ್ ಬದಲಿಸುತ್ತಾನೆ. ನಿನ್ನದು ಕೊಟ್ಟಿದ್ದೇನೆ, ನಿನ್ನನ್ನು ಕೇಳದೆ. ಲೋನ್ ಬೇಕಾ ಅಂತ ಕೇಳುವವರು ಅಂದುಕೊಂಡು ಕಟ್ ಮಾಡಬೇಡ. ಕಾಸರಗೋಡಿನ ಮಾಷ್ ಇದ್ದಾರಾ ಅಂತ ಯಾರಾದರೂ ಕೇಳಿದರೆ, ಇದ್ದದ್ದು ಇದ್ದ ಹಾಗೆ ಹೇಳು. ಕನ್ನಡದಲ್ಲೇ ಹೇಳು.

ನಿನ್ನ
ತೋಡಿನ ಈಚೆಯವನು