ಅಣ್ಣನ ಪರವಾಗಿ ಒಂದು ನಮಸ್ಕಾರ

ಮುಂಬಯಿಯ ವಡಾಲದ ಅಣ್ಣನ ಉತ್ತರಕ್ರಿಯೆ ಸಾಂಗವಾಗಿ ಮುಗಿಯಿತು. ಬಂದವರಿಗೆ, ಬರಲಾಗದೆ ಫೋನ್ ಮಾಡಿದವರಿಗೆ, ಊರಿಂದ ರಾತ್ರಿ ಬಸ್ಸು ಹಿಡಿದು ಬಂದವರಿಗೆ ಮನೆಯವರ ಮತ್ತು ಭಜನಾ ಮಂಡಳಿಯ ನಮಸ್ಕಾರ. ಹೆಸರು ಹಿಡಿದು ಹೇಳಹೊರಟರೆ ಯಾರಾದರೊಬ್ಬರು ಬಿಟ್ಟುಹೋಗುತ್ತಾರೆ. ಅದಕ್ಕೇ ಮಾಡಿದ ಕೆಲಸ ಹಿಡಿದು ಹೇಳುತ್ತೇವೆ.

ಮೊದಲು ಕೆಳಮಾಳಿಗೆಯ ಹುಡುಗರಿಗೆ. ನಸುಕಿನಲ್ಲಿ ಅಣ್ಣನ ಉಸಿರು ನಿಂತಾಗ ಒಬ್ಬ ಫ್ಯಾನ್ ಆರಿಸಿದ, ಇನ್ನೊಬ್ಬ ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಟ್ಟು, ತಲೆಯಡಿ ದಿಂಬು ಕೊಟ್ಟ. ಕಣ್ಣುದಾನಕ್ಕೆಂದು ಅಣ್ಣನೇ ಹೇಳಿಕೊಟ್ಟಿದ್ದ ಕ್ರಮ ಅದು. ಗಾಳಿ ಬಡಿದರೆ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಒಣಗುತ್ತದೆ. ತಲೆ ತಗ್ಗಿನಲ್ಲಿದ್ದರೆ ಕಣ್ಣು ತೆಗೆಯುವಾಗ ರಕ್ತ ಒಸರುತ್ತದೆ. ಕಣ್ಣುದಾನ 6 ಗಂಟೆಯೊಳಗೆ ಆಗಬೇಕು. ಹೊತ್ತು ಜಾರುವುದು ಹೆಚ್ಚಾಗಿ ಡಾಕ್ಟರರ ಮರಣ ಪ್ರಮಾಣಪತ್ರ ಸಿಗುವಲ್ಲಿ. ಆ ಹೊತ್ತಿನಲ್ಲಿ ಮನೆಬಟ್ಟೆಯಲ್ಲೇ ಬಂದು ಸಹಿ ಹಾಕಿದ ನಮ್ಮ ಫ್ಯಾಮಿಲಿ ಡಾಕ್ಟರರ ಉಪಕಾರ ದೊಡ್ಡದು. ಐ ಬ್ಯಾಂಕಿನವರು ಮನೆಗೇ ಬಂದರು, ಮನೆಯವರ ಮತ್ತು ಇಬ್ಬರು ಸಾಕ್ಷಿಗಳ ಸಹಿ ಪಡೆದರು, ಪರೀಕ್ಷೆಗೆ ಸ್ವಲ್ಪ ರಕ್ತ ತೆಗೆದುಕೊಂಡರು. ಅರ್ಧ ಗಂಟೆಯೂ ಹಿಡಿಯಲಿಲ್ಲ, ಮುಖವೂ ಕೆಡಲಿಲ್ಲ.

ಬಂದವರಲ್ಲಿ ಹಲವರು ಕೇಳಿದ್ದರಿಂದ ಇಷ್ಟು ಹೇಳಿಬಿಡುತ್ತೇವೆ. ಕನ್ನಡಕ ಇದ್ದವರು, ಮೋತಿಬಿಂದುವಿನ (ಕಣ್ಣಿನ ಪೊರೆಯ) ಆಪರೇಷನ್ ಆದವರು, ಶುಗರ್, ಬಿಪಿ ಇದ್ದವರು ಕಣ್ಣು ಕೊಡಬಹುದು. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ರೇಬೀಸ್, ರಕ್ತಕ್ಕೆ ನಂಜೇರಿದ ಸಾವು, ಇವಿದ್ದರೆ ಆಗದು. ಮೊದಲೇ ಫಾರಂ ತುಂಬಿರದಿದ್ದರೂ ಮನೆಯವರು ಒಪ್ಪಿದರೆ ನಡೆಯುತ್ತದೆ. ತುಂಬಿದ್ದರೂ ಮನೆಯವರು ಒಪ್ಪದಿದ್ದರೆ ನಡೆಯದು. ಆದ್ದರಿಂದ ಮನೆಯಲ್ಲಿ ಈಗಲೇ ಹೇಳಿಡಿ. ಕಣ್ಣು ಕೊಟ್ಟರೆ ಮುಂದಿನ ಜನ್ಮದಲ್ಲಿ ಕುರುಡಾಗಿ ಹುಟ್ಟುತ್ತಾರೆ ಎಂದು ಹಿಂದೊಮ್ಮೆ ಮಂಡಳಿಯಲ್ಲೇ ಒಬ್ಬರು ತಕರಾರು ತೆಗೆದಿದ್ದರು. ಬೇಡರ ಕಣ್ಣಪ್ಪ ಶಿವನಿಗೆ ಕಣ್ಣು ಕಿತ್ತುಕೊಟ್ಟು ಕುರುಡನಾದನೋ ಮುಕ್ತನಾದನೋ ಎಂದು ಅಣ್ಣ ಕೇಳಿದ. 2006ರಲ್ಲಿ ಡಾ. ರಾಜ್‌ಕುಮಾರ್ ಅವರ ಕಣ್ಣುಗಳು ದಾನವಾದದ್ದನ್ನೂ ನೆನಪಿಸಿದ. ಆಮೇಲೆ ತಕರಾರು ಬರಲಿಲ್ಲ.

ಹಳೆಯ ಸಹೋದ್ಯೋಗಿಗಳು ಇಷ್ಟು ಜನ ಬರುತ್ತಾರೆಂದು ಎಣಿಸಿರಲಿಲ್ಲ. ಮುನಿಸಿಪಲ್ ಆಸ್ಪತ್ರೆಯಲ್ಲಿ ಅಣ್ಣನದು ಆಟೋಕ್ಲೇವ್ ವಿಭಾಗ, ಅಂದರೆ ಒತ್ತಡದ ಆವಿಯಲ್ಲಿ ಸಲಕರಣೆಗಳ ಕ್ರಿಮಿ ಕೊಲ್ಲುವ ಜಾಗ. ರೋಗಿಗಳು ಅವನನ್ನು ನೋಡಿದ್ದೇ ಇಲ್ಲ. ಆದರೆ ಆಪರೇಷನ್ ಥಿಯೇಟರಿನ ಕತ್ತರಿ, ಬಟ್ಟೆ, ಹತ್ತಿಯೆಲ್ಲ ಅವನ ಕೈದಾಟಿ ಹೋಗುತ್ತಿತ್ತು. ಕತ್ತರಿ ಚಿಮಟಗಳ ಸಂದನ್ನು ಬಿಚ್ಚಿ, ನೀರೊಳಗೇ ಮುಳುಗಿಸಿಟ್ಟು ಬ್ರಷ್‌ನಿಂದ ಉಜ್ಜಬೇಕು, ಮೇಲೆತ್ತಿ ಉಜ್ಜಿದರೆ ಹನಿ ಮುಖಕ್ಕೆ ಸಿಡಿಯುತ್ತದೆ. ಸಂದಿನಲ್ಲಿ ಒಣಗಿದ ರಕ್ತ ಉಳಿದರೆ ಅದರಡಿ ಆವಿ ಇಳಿಯುವುದಿಲ್ಲ. ಬೋಗುಣಿಗಳನ್ನು ಓರೆಯಾಗಿ ಇಡಬೇಕು, ಇಲ್ಲವಾದರೆ ನೀರು ನಿಲ್ಲುತ್ತದೆ. ಬಟ್ಟೆ ತುಂಬಿದ ಡ್ರಮ್ಮಿನ ಪಕ್ಕದ ತೂತುಗಳು ಆಟೋಕ್ಲೇವಿನ ಒಳಗಿಡುವಾಗ ತೆರೆದಿರಬೇಕು, ಹೊರತೆಗೆದ ತಕ್ಷಣ ಮುಚ್ಚಬೇಕು. ಹೊಸ ಹುಡುಗರು ಮರೆಯುತ್ತಿದ್ದದ್ದು ಇದನ್ನೇ, ಅದರಲ್ಲೂ ಮೊದಲನೆಯದನ್ನು. ತೂತು ಮುಚ್ಚಿದ ಡ್ರಮ್ ಎಷ್ಟು ಹೊತ್ತು ಬೆಂದರೂ ಒಳಗಿನ ಬಟ್ಟೆಗೆ ಆವಿ ತಾಗಿರುವುದಿಲ್ಲ.

121 ಡಿಗ್ರಿ ಸೆಲ್ಸಿಯಸ್, 15 ಪೌಂಡ್ ಒತ್ತಡ, ಬಟ್ಟೆಯಲ್ಲಿ ಕಟ್ಟಿದ ಗಂಟಿಗೆ 30 ನಿಮಿಷ. ಆದರೆ ಒತ್ತಡದ ಮುಳ್ಳೊಂದನ್ನೇ ನಂಬಬೇಡಿ ಎನ್ನುತ್ತಿದ್ದ. ಒಳಗೆ ಗಾಳಿ ಉಳಿದಿದ್ದರೆ ಮುಳ್ಳು 15 ತೋರಿಸುತ್ತದೆ, ಶಾಖ ಮಾತ್ರ 121 ಮುಟ್ಟಿರುವುದಿಲ್ಲ. ಗಂಟಿನ ಮೇಲಿನ ಟೇಪಿನ ಗೆರೆ ಕಪ್ಪಾದರೆ ಅದು ಶಾಖ ಕಂಡಿದೆ ಎಂದಷ್ಟೇ ಅರ್ಥ, ಶುದ್ಧವಾಗಿದೆ ಎಂದಲ್ಲ. ಗಂಟು ಒದ್ದೆಯಾಗಿ ಹೊರಬಂದರೆ ಮತ್ತೆ ಮೊದಲಿನಿಂದ, ಯಾಕೆಂದರೆ ಒದ್ದೆ ಬಟ್ಟೆ ಹೊರಗಿನ ಕ್ರಿಮಿಯನ್ನು ಒಳಗೆಳೆಯುತ್ತದೆ. ಬಿಸಿ ಗಂಟನ್ನು ತಣ್ಣನೆಯ ಕಲ್ಲಿನ ಮೇಲಿಟ್ಟರೂ ಬೆವರಿ ಒದ್ದೆಯಾಗುತ್ತದೆ. ಥಿಯೇಟರಿನಿಂದ ಬೇಗ ಕಳಿಸಿ ಎಂದು ಕೂಗು ಬಂದಾಗಲೂ ಒದ್ದೆ ಗಂಟು ಅವನ ಕೈಯಿಂದ ಹೋದದ್ದಿಲ್ಲ ಎಂದು ಅವತ್ತು ಬಂದಿದ್ದ ನಿವೃತ್ತ ಸಿಸ್ಟರ್ ಒಬ್ಬರು ಹೇಳಿದರು. ಸಭೆಯಲ್ಲಿ ಆಡಿದ ಮಾತುಗಳಲ್ಲಿ ನಮಗೆ ತೂಕದ್ದೆನಿಸಿದ್ದು ಇದು.

ವಡಾಲದ ವಿಠ್ಠಲ ಮಂದಿರದ ಜೊತೆಗಾರರಿಗೂ ನಮಸ್ಕಾರ. ಪಂಢರಪುರಕ್ಕೆ ಹೋಗಲಾಗದವರು ಆಷಾಢ ಏಕಾದಶಿಗೆ ಅಲ್ಲಿ ಸಾಲು ನಿಲ್ಲುತ್ತಾರೆ. ಉಪವಾಸದಲ್ಲಿ ತಲೆಸುತ್ತಿ ಬೀಳುವವರಿಗೆಂದು ಅಣ್ಣ ಕುದಿಸಿ ಆರಿಸಿದ ನೀರು ಇಟ್ಟುಕೊಂಡಿರುತ್ತಿದ್ದ: 1 ಲೀಟರಿಗೆ 6 ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಚಮಚದ ಅಂಚಿಗೆ ಸಮವಾಗಿ. ಉಪ್ಪು ರಾಶಿಯಾಗಿ ಹಾಕಿದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಶನಿವಾರದ ಭಜನೆಯಲ್ಲಿ ಅವನ ಸ್ವರ ಅಷ್ಟಕ್ಕಷ್ಟೇ, ತಾಳ ಮಾತ್ರ ತಪ್ಪುತ್ತಿರಲಿಲ್ಲ.

ಕೊನೆಗೊಂದು ಕೇಳಿಕೆ. ಹಾಸಿಗೆ ಹಿಡಿದವರಿಗೆಂದು ಅಣ್ಣ ಸುತ್ತ ಕೊಡುತ್ತಿದ್ದ ವಾಕರ್, ಕಮೋಡ್ ಕುರ್ಚಿ, ಏರ್ ಬೆಡ್ ಇನ್ನು ಮುಂದೆ ಮಂಡಳಿಯಲ್ಲೇ ಸಿಗುತ್ತವೆ, ಬಾಡಿಗೆ ಇಲ್ಲ. ಏರ್ ಬೆಡ್ ಇದೆಯೆಂದು 2 ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ಬಿಡಬೇಡಿ, ಬೆನ್ನು ಹುಣ್ಣಾಗುತ್ತದೆ. ವಾಕರಿನ ರಬ್ಬರ್ ಕಾಲು ಸವೆದಿದ್ದರೆ ಹಾಗೇ ಮರಳಿಸದೆ ತಿಳಿಸಿ, ಟೈಲ್ಸ್ ಮೇಲೆ ಜಾರುವುದು ಅದೇ. ಮತ್ತೆ, ಏರ್ ಬೆಡ್ಡಿನ ಪಂಪು ಯಾರ ಮನೆಯಲ್ಲಿದೆ? ಅಣ್ಣನ ವಹಿಯಲ್ಲಿ ‘ಮೇಲ್ಮಾಳಿಗೆ’ ಎಂದಷ್ಟೇ ಬರೆದಿದೆ. ದಯವಿಟ್ಟು ತಂದುಕೊಡಿ, ಕೇಳಿದವರು ಕಾಯುತ್ತಿದ್ದಾರೆ.